ಆಲ್ಬಮ್ ಬಿಡುಗಡೆ ಹೆಂಗೆ ಅಂತ ಪುಸ್ತಕದೋರನ್ನ ಕೇಳೋಣ

ಮೊನ್ನೆ ಭಾನುವಾರ ಬಸವನಗುಡೀಲಿ ಒಂದು ಪುಟ್ಟ ಹಾಲಲ್ಲಿ ಹಾಡೋರು, ಬ್ಯಾಂಡ್ ಕಟ್ಕೊಂಡಿರೋರು, ಕವಿತೆ ಬರೆಯೋರು ಒಂದಷ್ಟು ಜನ ಸೇರಿದ್ರು, ಅಲ್ಲಿ ಮಾತಾಡಿದ್ದು ಇದು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ, ಅದಕ್ಕೇ ಮಾತಿನ ಥರಾನೇ ಇದೆ. ಮಧ್ಯದಲ್ಲಿ ಜನ ಕೇಳಿದ ಪ್ರಶ್ನೆಗಳನ್ನೂ ಹಾಗೇ ಬಿಟ್ಟಿದೀನಿ.

ಎಲ್ರಿಗೂ ನಮಸ್ಕಾರ. ನಾನು ಹಾಡೋನಲ್ಲ, ಮಿಕ್ಸಿಂಗ್ ಮಾಡೋನು. ನಂದೊಂದು ಸಣ್ಣ ಸ್ಟುಡಿಯೋ ಇದೆ, ಭಾವಗೀತೆಯೋರು ಬರ್ತಾರೆ, ವಚನ ಹಾಡೋರು ಬರ್ತಾರೆ, ಗಿಟಾರ್ ಹಿಡ್ಕೊಂಡು ಹುಡುಗ್ರು ಬರ್ತಾರೆ, ಎಲ್ರ ಕೆಲಸಾನೂ ಮುಗಿದು ಫೈನಲ್ ಫೈಲು ಪೆನ್‌ಡ್ರೈವಿಗೆ ಹಾಕಿ ಕೊಡೋ ಹೊತ್ತಿಗೆ ಎಲ್ರೂ ಕೇಳೋದು ಒಂದೇ, "ಸಾರ್, ಈಗ ಇದನ್ನ ಎಲ್ಲಿ ಹಾಕೋದು?" ಹಾಡು ಮಾಡೋಕೆ ಆರು ತಿಂಗಳು ತಲೆ ಕೆಡಿಸ್ಕೊಂಡಿರ್ತಾರೆ, ಎಲ್ಲಿ ಹಾಕೋದು ಅಂತ ಯೋಚ್ನೆ ಮಾಡೋಕೆ ಆರು ನಿಮಿಷ. "ಎಲ್ಲಾ ಆ್ಯಪಲ್ಲೂ ಬರೋ ಹಂಗೆ ಹಾಕ್ಬಿಡಿ" ಅಂತಾರೆ, ಮುಗೀತು. ಇವತ್ತು ಆ ಆರು ನಿಮಿಷದ ಬಗ್ಗೆ ಮಾತಾಡೋಣ ಅಂತ ಬಂದಿದೀನಿ.

ಮೊದ್ಲು ದುಡ್ಡಿನ ದಾರಿ ನೋಡೋಣ. ಸ್ಪಾಟಿಫೈ ಅನ್ನೋ ಹಾಡಿನ ಆ್ಯಪು ಭಾರತಕ್ಕೆ 2019ರ ಫೆಬ್ರವರೀಲಿ ಬಂದಾಗ ತಿಂಗಳಿಗೆ 119 ರೂಪಾಯಿ ಇತ್ತು. ಲೆಕ್ಕಕ್ಕೆ ಅದನ್ನೇ ಇಟ್ಕೊಳ್ಳಿ. ಅದ್ರಲ್ಲಿ ಜಿಎಸ್‌ಟಿ ಕಳೆದ್ರೆ ಹತ್ತಿರ ಹತ್ತಿರ 100 ರೂಪಾಯಿ ಉಳಿಯತ್ತೆ. ಕಂಪನಿ ತನ್ನ ಆದಾಯದಲ್ಲಿ ಸುಮಾರು ಮೂರನೇ ಎರಡು ಭಾಗ ಹಾಡಿನ ಹಕ್ಕು ಇರೋರಿಗೆ ಹೋಗತ್ತೆ ಅನ್ನತ್ತೆ, ಅಂದ್ರೆ 67 ರೂಪಾಯಿ ಅಂತಿಟ್ಕೊಳ್ಳಿ. ಈಗ ನೀವು ಒಂದು ಇಡೀ ತಿಂಗಳು ಬೇರೆ ಏನೂ ಕೇಳ್ದೆ ಇಲ್ಲಿ ಎರಡನೇ ಸಾಲಲ್ಲಿ ಕೂತಿದಾರಲ್ಲ, ಇವ್ರ ವಚನದ ಆಲ್ಬಮ್ ಒಂದನ್ನೇ ಕೇಳಿದ್ರಿ. ಆ 67 ರೂಪಾಯಿ ಇವ್ರಿಗೆ ಬರತ್ತಾ? ಬರಲ್ಲ. ದೇಶದಲ್ಲಿ ಎಲ್ರೂ ಕಟ್ಟಿದ ದುಡ್ಡು ಒಂದೇ ಗುಡ್ಡೆಗೆ ಬೀಳತ್ತೆ, ಆ ತಿಂಗಳು ಒಟ್ಟು ಎಷ್ಟು ಸ್ಟ್ರೀಮ್ ಆಯ್ತು, ಅಂದ್ರೆ ಆ್ಯಪಲ್ಲಿ ಹಾಡು ಎಷ್ಟು ಸಲ ಓಡ್ತು, ಅದ್ರಲ್ಲಿ ಯಾರದ್ದು ಎಷ್ಟು ಪಾಲು, ಅಷ್ಟಷ್ಟು ಹಂಚ್ತಾರೆ. ನೀವು ದರ್ಶಿನೀಲಿ ಇಡ್ಲಿ ತಿಂದು ಕೊಟ್ಟ ದುಡ್ಡನ್ನ ಇಡೀ ಬೆಂಗಳೂರಲ್ಲಿ ಯಾರ ದೋಸೆ ಜಾಸ್ತಿ ಖರ್ಚಾಯ್ತೋ ಅವ್ರಿಗೆ ಹಂಚಿದ ಹಂಗೆ. ದಿನಾ ಎಂಟು ಗಂಟೆ ಜಿಮ್ಮಲ್ಲೋ ಸಲೂನಲ್ಲೋ ಓಡ್ತಾ ಇರೋ ಪ್ಲೇಲಿಸ್ಟಿಗೆ ನಿಮ್ಮ ದುಡ್ಡು ಹೋಗತ್ತೆ, ಯಾಕಂದ್ರೆ ಅದು ತುಂಬಾ ಸ್ಟ್ರೀಮ್ ಮಾಡತ್ತೆ, ನೀವು ರಾತ್ರಿ ಊಟ ಆದ್ಮೇಲೆ ಎರಡೇ ಹಾಡು ಕೇಳೋರು. ಅದಕ್ಕೇ "ಒಂದು ಸ್ಟ್ರೀಮಿಗೆ ಎಷ್ಟು" ಅನ್ನೋ ಪ್ರಶ್ನೆಗೆ ಸರಿಯಾದ ಉತ್ತರಾನೇ ಇಲ್ಲ, ರೇಟ್ ಅಂತ ಫಿಕ್ಸ್ ಆಗಿರೋದು ಯಾವುದೂ ಇಲ್ಲ, ಗುಡ್ಡೆ ಎಷ್ಟು ದೊಡ್ಡದು ಮತ್ತೆ ಎಷ್ಟು ಜನ ಪಾಲಿಗೆ ನಿಂತಿದಾರೆ ಅನ್ನೋದ್ರ ಮೇಲೆ ತಿಂಗಳು ತಿಂಗಳೂ ಬೇರೆ ಆಗತ್ತೆ. ಅಮೆರಿಕದ ಕೇಳುಗ ಹತ್ತು ಡಾಲರಿಗಿಂತ ಜಾಸ್ತಿ ಕಟ್ತಾನೆ, ನಮ್ಮೋರು ಕಟ್ಟೋದು ಅದ್ರ ಒಂದು ಚೂರು, ಅದೂ ಹೆಚ್ಚಿನೋರು ಆ್ಯಡ್ ಕೇಳ್ಕೊಂಡು ಫ್ರೀಯಾಗೇ ಇರೋರು. ಹಾಗಾಗಿ ನ್ಯೂಜೆರ್ಸೀಲಿ ಕೂತಿರೋ ಒಬ್ಬ ಕನ್ನಡಿಗ ಕೇಳೋದೂ ಇಲ್ಲಿ ಜಯನಗರದಲ್ಲಿ ನಾಲ್ಕೈದು ಜನ ಕೇಳೋದೂ ದುಡ್ಡಿನ ಲೆಕ್ಕದಲ್ಲಿ ಒಂದೇ ಆಗ್ಬಹುದು.

ಹಂಗಲ್ದೆ, ಕೇಳುಗ ಕಟ್ಟಿದ್ದು ಅವನು ಕೇಳಿದೋರಿಗೇ ಹೋಗೋ ಥರ ಮಾಡೋಕಾಗಲ್ವಾ ಅಂದ್ರೆ, ಆಗತ್ತೆ. ಸೌಂಡ್‌ಕ್ಲೌಡ್ ಅನ್ನೋ ಆ್ಯಪು 2021ರಲ್ಲಿ ಸಣ್ಣ ಕಲಾವಿದರಿಗೆ ಅದನ್ನ ಶುರು ಮಾಡ್ತು. ದೊಡ್ಡ ಆ್ಯಪುಗಳು ಆ ಕಡೆ ತಿರುಗಿಲ್ಲ. ತಿರುಗ್ತಾವೆ ಅಂತ ಕಾಯ್ತಾ ಕೂರೋದ್ರಲ್ಲಿ ನಂಗೆ ನಂಬಿಕೆ ಇಲ್ಲ.

2024ರಿಂದ ಇನ್ನೊಂದು ರೂಲ್ ಬಂದಿದೆ. ಸ್ಪಾಟಿಫೈಯಲ್ಲಿ ಒಂದು ಹಾಡು ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸ್ಟ್ರೀಮ್ ಆಗಿರ್ಲಿಲ್ಲ ಅಂದ್ರೆ ಆ ರೆಕಾರ್ಡಿಂಗಿಗೆ ರಾಯಲ್ಟಿ ಲೆಕ್ಕಾನೇ ಶುರುವಾಗಲ್ಲ, ಅದ್ರ ಪಾಲು ಗುಡ್ಡೆಗೇ ವಾಪಸ್ ಹೋಗಿ ಬೇರೆಯವ್ರಿಗೆ ಸೇರತ್ತೆ. ಅವ್ರ ವಾದ ಏನಂದ್ರೆ, ಇಷ್ಟು ಚಿಲ್ಲರೆ ದುಡ್ಡು ಹೆಂಗೂ ಕಲಾವಿದನ ಕೈಗೆ ಬರ್ತಿರ್ಲಿಲ್ಲ, ಹಾಡನ್ನ ಆ್ಯಪುಗಳಿಗೆ ತಲುಪಿಸೋ ಡಿಸ್ಟ್ರಿಬ್ಯೂಟರ್ ಹತ್ರಾನೇ ಕೊಳೀತಿತ್ತು ಅಂತ. ಅದೂ ನಿಜಾನೇ. ಆದ್ರೆ ಹತ್ತು ಹಾಡಿನ ಒಂದು ದಾಸರ ಪದದ ಆಲ್ಬಮ್ ತಗೊಳ್ಳಿ, ಒಂದೊಂದು ಹಾಡನ್ನೂ ವರ್ಷಕ್ಕೆ 900 ಸಲ ಜನ ಕೇಳಿದಾರೆ, ಒಟ್ಟು 9,000 ಸಲ. ಕೈಗೆ ಬರೋದು ಸೊನ್ನೆ. ಅದೇ 9,000 ಒಂದೇ ರೀಲ್ಸ್ ಹಾಡಿಗೆ ಬಂದಿದ್ರೆ ದುಡ್ಡು ಬರ್ತಿತ್ತು. ಅಂದ್ರೆ ಆಲ್ಬಮ್ ಮಾಡೋನಿಗಿಂತ ಸಿಂಗಲ್ ಮಾಡೋನಿಗೆ ಈ ರೂಲು ಅನುಕೂಲ.

ನಿಮ್ಮಲ್ಲಿ ಎಷ್ಟು ಜನ ಡಿಸ್ಟ್ರಿಬ್ಯೂಟರ್ ಕಳ್ಸೋ ರಿಪೋರ್ಟ್ ತೆಗೆದು ನೋಡಿದೀರಾ? (ಎರಡು ಮೂರು ಕೈ ಎದ್ದವು.) ನೋಡಿ, ಇಷ್ಟೇ. ಬನ್ನಿ, ಒಂದು ತೋರಿಸ್ತೀನಿ, ಹೆಸ್ರು ಮುಚ್ಚಿದೀನಿ. ಎಕ್ಸೆಲ್ ಶೀಟು. ಮೊದಲ್ನೇ ಕಾಲಮಲ್ಲಿ ತಿಂಗಳು, ಆಮೇಲೆ ಯಾವ ಆ್ಯಪು, ಯಾವ ದೇಶ, ಹಾಡಿನ ಹೆಸ್ರು, ಐಎಸ್ಆರ್‌ಸಿ ನಂಬರು (ಒಂದೊಂದು ರೆಕಾರ್ಡಿಂಗಿಗೂ ಕೊಡೋ ಗುರುತಿನ ನಂಬರು), ಎಷ್ಟು ಸಲ, ಕೊನೇಲಿ ಡಾಲರಲ್ಲಿ ದುಡ್ಡು. ಆ ಕೊನೇ ಕಾಲಮ್ ನೋಡಿ, ಚುಕ್ಕಿ ಆದ್ಮೇಲೆ ಸೊನ್ನೆ, ಇನ್ನೊಂದು ಸೊನ್ನೆ, ಇನ್ನೊಂದು ಸೊನ್ನೆ, ಆಮೇಲೆ ಒಂದು ಅಂಕಿ. ಒಂದೇ ಹಾಡು ಒಂದೇ ತಿಂಗಳಲ್ಲಿ ಹತ್ತಾರು ಸಾಲಲ್ಲಿ ಚೆದುರಿದೆ, ಫ್ರೀ ಪ್ಲಾನಿಂದು ಒಂದು ಸಾಲು, ಫ್ಯಾಮಿಲಿ ಪ್ಲಾನಿಂದು ಒಂದು ಸಾಲು, ಸ್ಟೂಡೆಂಟ್ ಪ್ಲಾನಿಂದು ಇನ್ನೊಂದು. ಎಲ್ಲಾ ಕೂಡಿಸಿ ಒಂದು ಮಿನಿಮಮ್ ದಾಟಿದ ಮೇಲೆ ತಾನೆ ತೆಗೆಯೋಕಾಗೋದು. ಡಿಸ್ಟ್ರಿಬ್ಯೂಟರ್ ಅಮೆರಿಕದೋರಾಗಿದ್ರೆ ಡಬ್ಲ್ಯು-8ಬೆನ್ ಅಂತ ಒಂದು ಫಾರಂ ಕೇಳ್ತಾರೆ, ಅದನ್ನ ತುಂಬದೇ ಬಿಟ್ರೆ ಅಮೆರಿಕದಲ್ಲಿ ಹುಟ್ಟಿದ ಆದಾಯಕ್ಕೆ 30 ಪರ್ಸೆಂಟ್ ಟ್ಯಾಕ್ಸ್ ಹಿಡ್ಕೊತಾರೆ, ನಮ್ಮ ದೇಶದ ಒಪ್ಪಂದದ ಪ್ರಕಾರ ತುಂಬಿದ್ರೆ 15. ಇದನ್ನಾದ್ರೂ ಇವತ್ತು ಮನೆಗೆ ಹೋಗಿ ಮಾಡಿ.

ಇನ್ನೊಂದು, ಕೆಲವು ಡಿಸ್ಟ್ರಿಬ್ಯೂಟರುಗಳದ್ದು ವರ್ಷ ವರ್ಷ ಕಟ್ಟೋ ಪ್ಲಾನು. ಕಟ್ಟೋದು ನಿಲ್ಸಿದ್ರೆ ಹಾಡು ಕೆಳಗಿಳಿಸ್ತಾರೆ. ಹಾಡಿದೋರು ತೀರಿಕೊಂಡ್ರೆ ಮಕ್ಕಳಿಗೆ ಆ ಪಾಸ್‌ವರ್ಡೂ ಗೊತ್ತಿರಲ್ಲ, ಮುಂದಿನ ವರ್ಷ ಕಾರ್ಡಿಂದ ದುಡ್ಡು ಕಟ್ ಆಗಲ್ಲ, ಹಾಡು ಮಾಯ. ಅಜ್ಜನ ಕಾಲದ ಕ್ಯಾಸೆಟ್ಟು ಅಟ್ಟದ ಮೇಲಾದ್ರೂ ಇರ್ತಿತ್ತು.

ದುಡ್ಡಿಗಿಂತ ನಂಗೆ ಜಾಸ್ತಿ ಬೇಜಾರಾಗೋದು ಹಾಡಿನ ಅಳತೆ ಬದಲಾಗ್ತಿರೋದು. 30 ಸೆಕೆಂಡ್ ಆದ್ರೆ ಒಂದು ಸ್ಟ್ರೀಮ್. ಎರಡು ನಿಮಿಷದ ಹಾಡೂ ಒಂದು ಸ್ಟ್ರೀಮು, ಐವತ್ತು ನಿಮಿಷದ ರಾಗಂ ತಾನಂ ಪಲ್ಲವೀನೂ ಒಂದೇ ಸ್ಟ್ರೀಮು. ಧಾರವಾಡದ ಗಾಯಕರೊಬ್ರು ಕೂತು ವಿಲಂಬಿತದಲ್ಲಿ ಒಂದು ರಾಗ ಬಿಡಿಸ್ತಾ ಹೋದ್ರೆ, ಆ 30 ಸೆಕೆಂಡಲ್ಲಿ ಇನ್ನೂ ಷಡ್ಜದ ಹತ್ರಾನೇ ಇರ್ತಾರೆ, ಅಷ್ಟರಲ್ಲಿ ಸ್ಕಿಪ್ ಆಗಿರತ್ತೆ. ನಮ್ಮ ಭಾವಗೀತೇಲಿ ಮುಂಚೆ ಕೊಳಲು ವೀಣೆ ಸೇರಿ ಒಂದು ಮುಕ್ಕಾಲು ನಿಮಿಷ ಬಿಜಿಎಂ ಬರ್ತಿತ್ತು, ಆಮೇಲೆ ಪಲ್ಲವಿ. ಈಗ ಸ್ಟುಡಿಯೋಗೆ ಬರೋ ಹುಡುಗ್ರೇ ಹೇಳ್ತಾರೆ, "ಅಣ್ಣ, ಇಂಟ್ರೋ ಕಟ್ ಮಾಡಿ, ಡೈರೆಕ್ಟ್ ಹುಕ್ಕಿಂದ ಶುರು ಮಾಡಣ." ನಾನು ಕಟ್ ಮಾಡ್ತೀನಿ, ನನ್ನ ಕೆಲಸ ಅದು. ಆದ್ರೆ ಕಟ್ ಆಗೋದು ಯಾವುದು ಗೊತ್ತಾ, ಕೊಳಲಿನೋರ ಪಾರ್ಟು. ಅವ್ರ ಹೆಸ್ರು ಮುಂಚೆ ಕ್ಯಾಸೆಟ್ ಒಳಗಿನ ಚೀಟೀಲಿ ಇರ್ತಿತ್ತು, ತಬಲ ಯಾರು, ಕೊಳಲು ಯಾರು, ರಿದಂ ಪ್ಯಾಡ್ ಯಾರು, ರೆಕಾರ್ಡಿಂಗ್ ಎಲ್ಲಿ. ಈಗ ಆ್ಯಪಲ್ಲಿ ಅದನ್ನ ನೋಡ್ಬೇಕು ಅಂದ್ರೆ ಮೂರು ಚುಕ್ಕಿ ಒತ್ತಿ ಒಳಗೆ ಹೋಗಿ ಹುಡುಕ್ಬೇಕು, ಅಲ್ಲೂ ತುಂಬಿರಲ್ಲ, ಯಾಕಂದ್ರೆ ಅಪ್‌ಲೋಡ್ ಮಾಡೋನು ಆ ಕಾಲಮ್ ಖಾಲಿ ಬಿಟ್ಟಿರ್ತಾನೆ.

(ಇಲ್ಲಿ ಒಬ್ರು ಹಿರಿಯರು ಎದ್ದು, "ಹಾಗಾದ್ರೆ ಆ್ಯಪಿಗೆ ಕೊಡೋದೇ ಬೇಡ ಅಂತೀರಾ?" ಅಂದ್ರು.)

ಇಲ್ಲ ಸಾರ್, ಅದನ್ನ ಹೇಳ್ತಿಲ್ಲ. ಬಿಟ್ಟು ಹೋದೋರ ಕತೆ ಎಲ್ರಿಗೂ ಗೊತ್ತು. ಟೇಲರ್ ಸ್ವಿಫ್ಟ್ 2014ರಲ್ಲಿ ಸ್ಪಾಟಿಫೈಯಿಂದ ಹಾಡು ತೆಗೆದ್ರು, 2017ಕ್ಕೆ ವಾಪಸ್ ಬಂದ್ರು. ನೀಲ್ ಯಂಗ್ 2022ರಲ್ಲಿ ಹೋದ್ರು, 2024ರಲ್ಲಿ ಬಂದ್ರು. 2025ರಲ್ಲಿ ಆಸ್ಟ್ರೇಲಿಯಾದ ಕಿಂಗ್ ಗಿಝರ್ಡ್ ಬ್ಯಾಂಡಿನೋರು ಸ್ಪಾಟಿಫೈ ಯಜಮಾನ ಯುದ್ಧದ ಟೆಕ್ನಾಲಜಿ ಕಂಪನೀಲಿ ದುಡ್ಡು ಹಾಕಿದಾನೆ ಅಂತ ಎದ್ದು ಹೋದ್ರು. ಅವ್ರಿಗೆಲ್ಲ ಎದ್ದು ಹೋದ್ರೆ ಜನ ಹುಡ್ಕೊಂಡು ಬರ್ತಾರೆ. ನಾವು ನೀವು ಎದ್ದು ಹೋದ್ರೆ ಹೋಗಿದೀವಿ ಅಂತಾನೂ ಯಾರಿಗೂ ಗೊತ್ತಾಗಲ್ಲ. ಆ್ಯಪಲ್ಲಿ ಇರಿ. ಅದನ್ನ ಅಂಗಡಿ ಅಂದ್ಕೊಬೇಡಿ, ಗೋಡೆ ಮೇಲಿನ ಪೋಸ್ಟರ್ ಅಂದ್ಕೊಳ್ಳಿ. ಪೋಸ್ಟರಿಂದ ದುಡ್ಡು ಬರ್ಲಿಲ್ಲ ಅಂತ ಯಾರೂ ಅಳಲ್ಲ. ಮತ್ತೆ ಪೋಸ್ಟರ್ ಅಂಟಿಸಿದ ಗೋಡೆ ನಿಮ್ದಲ್ಲ ಅನ್ನೋದೂ ನೆನಪಿರ್ಲಿ. ರೆಸ್ಸೋ ಅನ್ನೋ ಹಾಡಿನ ಆ್ಯಪು 2024ರ ಜನವರೀಲಿ ಭಾರತದಲ್ಲಿ ಮುಚ್ಚಿತು, ಅದೇ ವರ್ಷ ಏರ್‌ಟೆಲ್ಲಿನ ವಿಂಕೂ ಹೋಯ್ತು. ಅಲ್ಲಿ ಜನ ವರ್ಷಗಟ್ಲೆ ಲೈಕ್ ಒತ್ತಿ ಇಟ್ಕೊಂಡಿದ್ದ ಪ್ಲೇಲಿಸ್ಟೆಲ್ಲ ಏನಾಯ್ತೋ. ಇನ್ನು ಎಐ ಹಾಡುಗಳು ದಿನಾ ಸಾವಿರಾರು ಬಂದು ಬೀಳ್ತಿದಾವೆ, ಅವೂ ಅದೇ ಗುಡ್ಡೆಯಿಂದಾನೇ ಪಾಲು ಕೇಳ್ತಾವೆ, ಅದ್ರ ಬಗ್ಗೆ ಇನ್ನೊಂದಿನ ಮಾತಾಡೋಣ.

ಹಾಗಾದ್ರೆ ಅಂಗಡಿ ಎಲ್ಲಿ? ಹೊರದೇಶದ ಇಂಡಿ ಬ್ಯಾಂಡಿನೋರನ್ನ ಕೇಳಿದ್ರೆ ಬ್ಯಾಂಡ್‌ಕ್ಯಾಂಪ್ ಅಂತಾರೆ. ಒಳ್ಳೇದೇ, ನಂಗೂ ಇಷ್ಟ. ಕೇಳುಗ ನೇರ ದುಡ್ಡು ಕೊಟ್ಟು ಆಲ್ಬಮ್ ಕೊಂಡ್ಕೊತಾನೆ, ಅವ್ರು ಡಿಜಿಟಲ್ ಮಾರಾಟಕ್ಕೆ 15 ಪರ್ಸೆಂಟ್ ಇಟ್ಕೊತಾರೆ, ಕೊರೋನಾ ಟೈಮಲ್ಲಿ 2020ರ ಮಾರ್ಚಿಂದ ಕೆಲವು ಶುಕ್ರವಾರ ಆ 15ನ್ನೂ ಬಿಟ್ಕೊಡೋ ಪದ್ಧತಿ ಶುರು ಮಾಡಿದ್ರು. ಆದ್ರೆ 2022ರಲ್ಲಿ ಅದನ್ನ ಎಪಿಕ್ ಗೇಮ್ಸ್ ಕೊಂಡ್ಕೊಂತು, 2023ರಲ್ಲಿ ಸಾಂಗ್‌ಟ್ರೇಡರಿಗೆ ಮಾರ್ತು, ಮಾರಿದ ಕೂಡ್ಲೇ ಹತ್ತಿರ ಹತ್ತಿರ ಅರ್ಧ ಜನರ ಕೆಲಸ ಹೋಯ್ತು. ನಮಗೆ ಅದಕ್ಕಿಂತ ದೊಡ್ಡ ತೊಂದ್ರೆ ಅಂದ್ರೆ ಅಲ್ಲಿ ಕಲಾವಿದನಿಗೆ ದುಡ್ಡು ಬರೋದು ಪೇಪಾಲ್ ಮೂಲಕ, ಪೇಪಾಲು 2021ರ ಏಪ್ರಿಲ್ 1ರಿಂದ ಭಾರತದ ಒಳಗಿನ ವಹಿವಾಟನ್ನೇ ನಿಲ್ಸಿದೆ. ಅಂದ್ರೆ ಲಂಡನ್ನಲ್ಲಿರೋನು ನಿಮ್ಮ ಆಲ್ಬಮ್ ಕೊಳ್ಳಬಹುದು, ಪಕ್ಕದ ಹನುಮಂತನಗರದೋನು ಕೊಳ್ಳೋಕೆ ಒದ್ದಾಡ್ಬೇಕು. ತಿಂಗಳು ತಿಂಗಳು ಚಂದಾ ಕಟ್ಟೋ ಪೇಟ್ರಿಯಾನ್ ಥರದ್ದಕ್ಕೂ 2021ರ ಅಕ್ಟೋಬರಲ್ಲಿ ಆರ್‌ಬಿಐ ಕಾರ್ಡಿನ ಆಟೋ-ಪೇಮೆಂಟ್ ರೂಲು ಬಿಗಿ ಮಾಡಿದ ಮೇಲೆ ಇಲ್ಲಿನ ಕಾರ್ಡುಗಳು ಎಷ್ಟೋ ಫೇಲಾದವು.

"ಎಷ್ಟಾದ್ರೂ ಕೊಡಿ, ಫ್ರೀಯಾಗಾದ್ರೂ ತಗೊಳ್ಳಿ" ಅನ್ನೋದು ಇನ್ನೊಂದು ದಾರಿ. ಇಂಗ್ಲೆಂಡಿನ ರೇಡಿಯೋಹೆಡ್ ಬ್ಯಾಂಡಿನೋರು 2007ರ ಅಕ್ಟೋಬರಲ್ಲಿ ಹಂಗೆ ಮಾಡಿದ್ರು, ಮಾಡಿ ಎರಡು ಮೂರು ತಿಂಗಳಾದ್ಮೇಲೆ ಅದೇ ಆಲ್ಬಮ್ಮಿನ ಸಿಡಿ ಅಂಗಡಿಗೆ ಬಂದಾಗ ಅಲ್ಲೂ ನಂಬರ್ ಒನ್ ಆಯ್ತು. ನಮ್ಮೂರೋರೇನು ಕಮ್ಮಿ ಇಲ್ಲ, 1996ರಿಂದ ನುಡಿಸ್ತಿರೋ ಥರ್ಮಲ್ ಅಂಡ್ ಎ ಕ್ವಾರ್ಟರ್ ಬ್ಯಾಂಡಿನೋರು 'ಪ್ಲಾನ್ ಬಿ' ಅನ್ನೋ ಆಲ್ಬಮ್ಮನ್ನ ನೆಟ್ಟಲ್ಲಿ ಫ್ರೀ ಡೌನ್‌ಲೋಡಿಗೆ ಬಿಟ್ರು. ಹಾಡು ಫ್ರೀ, ಶೋಗೆ ದುಡ್ಡು ಅನ್ನೋ ಲೆಕ್ಕ. ಆಗ ಅದು ಸುದ್ದಿ. ಈಗ ಎಲ್ಲಾ ಹಾಡೂ ಫ್ರೀ, ಹಾಗಾಗಿ ಫ್ರೀ ಕೊಡ್ತೀನಿ ಅಂದ್ರೆ ಯಾರೂ ತಲೆ ಎತ್ತಿ ನೋಡಲ್ಲ.

ಈಗ ನಾನು ಹೇಳೋಕೆ ಬಂದಿರೋ ವಿಷ್ಯಕ್ಕೆ ಬರ್ತೀನಿ.

2017ರಲ್ಲಿ ಸಾರೆಗಾಮಾದೋರು ಕಾರವಾನ್ ಅಂತ ಒಂದು ಡಬ್ಬ ತಂದ್ರು, ನೆನಪಿದ್ಯಾ? ನೋಡೋಕೆ ಹಳೇ ರೇಡಿಯೋ, ಒಳಗೆ 5,000 ಹಳೇ ಹಾಡು, ಬೆಲೆ ಹತ್ತಿರ ಹತ್ತಿರ 6,000 ರೂಪಾಯಿ. ಆ ಹಾಡುಗಳಲ್ಲಿ ಎಷ್ಟೋ ಯೂಟ್ಯೂಬಲ್ಲಿ ಪುಕ್ಕಟೆ ಸಿಕ್ತಿತ್ತು. ಆದ್ರೂ ಜನ ಮುಗಿಬಿದ್ದು ಕೊಂಡ್ರು, ಅಪ್ಪಂಗೆ, ಅತ್ತೆಗೆ, ರಿಟೈರ್ ಆದ ಮೇಷ್ಟ್ರಿಗೆ ಕೊಟ್ರು. ಹಾಡಿಗೆ ಯಾರೂ ದುಡ್ಡು ಕೊಡಲ್ಲ ಅಂತ ಗೊಣಗ್ತೀವಲ್ಲ, ಅದು ಪೂರ್ತಿ ಸರಿ ಇಲ್ಲ. ಕೈಗೆ ಸಿಗೋದಕ್ಕೆ ಕೊಡ್ತಾರೆ, ಇನ್ನೊಬ್ರಿಗೆ ಕೊಡಬಹುದಾದ್ದಕ್ಕೆ ಕೊಡ್ತಾರೆ. ಸಿಡಿ ಹಾಕೋಕೆ ಈಗ ಲ್ಯಾಪ್‌ಟಾಪಲ್ಲಿ ಜಾಗ ಇಲ್ಲ, ಕಾರಲ್ಲೂ ಇಲ್ಲ. ಕ್ಯಾಸೆಟ್ ಫ್ಯಾಷನ್ನಿಗೆ ಸರಿ. ವಿನೈಲ್ ನಮ್ಮ ಬಜೆಟ್ಟಿಗೆ ಆಗಲ್ಲ. ಹಾಗಾದ್ರೆ ಕನ್ನಡದೋರು ಇವತ್ತಿಗೂ ಕೈಯಲ್ಲಿ ಹಿಡ್ಕೊಂಡು ದುಡ್ಡು ಕೊಟ್ಟು ಕೊಳ್ಳೋದು ಏನು?

ಪುಸ್ತಕ. ಇದೇ ಗಾಂಧಿ ಬಜಾರಲ್ಲಿ, ಅವೆನ್ಯೂ ರೋಡಲ್ಲಿ, ಗಾಂಧಿನಗರದ ಸಪ್ನದಲ್ಲಿ. ಅದಕ್ಕಿಂತ ಹೆಚ್ಚಾಗಿ ಬಿಡುಗಡೆ ಸಮಾರಂಭಗಳಲ್ಲಿ. ಒಂದು ಭಾನುವಾರ ಬೆಳಗ್ಗೆ ಬೆಂಗಳೂರಲ್ಲಿ ಎಷ್ಟು ಕನ್ನಡ ಪುಸ್ತಕ ಬಿಡುಗಡೆ ಇರತ್ತೆ ಹೇಳಿ. ಒಂದಕ್ಕೆ ಹೋಗಿ ನೋಡಿ, ನಾನು ಹಾಡಿನೋರಿಗೆಲ್ಲ ಹೇಳ್ತೀನಿ, ಸ್ಟೇಜ್ ನೋಡ್ಬೇಡಿ, ಬಾಗಿಲ ಹತ್ರ ಇರೋ ಟೇಬಲ್ ನೋಡಿ ಅಂತ. ಒಂದು ಬಿಳಿ ಬಟ್ಟೆ ಹಾಸಿರ್ತಾರೆ, ಪುಸ್ತಕ ಎರಡು ಸಾಲು ಪೇರಿಸಿರ್ತಾರೆ, "ಮುಖಬೆಲೆ ಇಷ್ಟು, ಇವತ್ತು ಮಾತ್ರ ಇಷ್ಟು" ಅಂತ ಸ್ಕೆಚ್ ಪೆನ್ನಲ್ಲಿ ಬರ್ದ ಒಂದು ರಟ್ಟು, ಪಕ್ಕದಲ್ಲಿ ಯುಪಿಐ ಕ್ಯೂಆರು, ಚಿಲ್ಲರೆಗೆ ಒಂದು ಸ್ವೀಟ್ ಡಬ್ಬ. ಲೇಖಕರ ಭಾವಮೈದುನನೋ ತಂಗಿ ಮಗಳೋ ಕೂತಿರ್ತಾರೆ. ಜನ ಉಪ್ಪಿಟ್ಟು ಕಾಫಿ ಮುಗಿಸ್ಕೊಂಡು ಬರ್ತಾರೆ, ಒಂದು ಪುಸ್ತಕ ತಗೊತಾರೆ, ಲೇಖಕರ ಹತ್ರ ಹೋಗಿ ಸೈನ್ ಹಾಕಿಸ್ಕೊತಾರೆ. ಅವ್ರು ಓದ್ತಾರೋ ಇಲ್ವೋ ಅದು ಬೇರೆ ಮಾತು. ಆದ್ರೆ ಕೊಂಡ್ರಲ್ಲ. ಅದೇ ಹಾಲಲ್ಲಿ ಅವತ್ತು ಸಂಜೆ ನಿಮ್ಮ ಆಲ್ಬಮ್ ಬಿಡುಗಡೆ ಆಗತ್ತೆ, ಅಷ್ಟೇ ಜನ ಬರ್ತಾರೆ, ಚಪ್ಪಾಳೆ ಹೊಡೀತಾರೆ, ದೊಡ್ಡ ಸ್ಕ್ರೀನಲ್ಲಿ ಲಿಂಕ್ ತೋರಿಸ್ತೀರಾ, ಎಲ್ರೂ ಫೋಟೋ ತೆಗೆದು ಮನೆಗೆ ಹೋಗ್ತಾರೆ. ಅವ್ರ ಜೇಬಲ್ಲಿ ಮುನ್ನೂರು ರೂಪಾಯಿ ಇತ್ತು, ಕೊಡೋ ಮನಸ್ಸೂ ಇತ್ತು. ತಗೊಳ್ಳೋಕೆ ನೀವೇ ಏನೂ ಇಟ್ಟಿರ್ಲಿಲ್ಲ.

ಹಾಡನ್ನ ಪುಸ್ತಕ ಮಾಡಿ. ಆಲ್ಬಮ್ಮಿನ ಜೊತೆಗೆ ಪುಸ್ತಕ ಅಲ್ಲ, ಪುಸ್ತಕಾನೇ ಆಲ್ಬಮ್ಮು. ಹಾಡಿನ ಸಾಹಿತ್ಯ ಪೂರ್ತಿ, ಯಾವ ರಾಗ, ಯಾವ ತಾಳ, ಕವಿ ಬಗ್ಗೆ ಎರಡು ಪುಟ, ರಾಗ ಹಾಕಿದೋರು ಹೆಂಗೆ ಹಾಕಿದ್ರು, ರೆಕಾರ್ಡಿಂಗ್ ದಿನದ ಫೋಟೋ, ನುಡಿಸಿದ ಪ್ರತಿಯೊಬ್ರ ಹೆಸ್ರು ದೊಡ್ಡಕ್ಷರದಲ್ಲಿ, ಕಲಿಯೋರಿಗೆ ಸ್ವರಪ್ರಸ್ತಾರ. ಕೊನೇ ಪುಟದಲ್ಲಿ ಕ್ಯೂಆರು, ಸ್ಕ್ಯಾನ್ ಮಾಡಿದ್ರೆ ಎಂಪಿತ್ರೀನೂ ಒಳ್ಳೇ ಕ್ವಾಲಿಟಿ ಫೈಲೂ ಡೌನ್‌ಲೋಡ್, ಜೊತೆಗೆ ಹಾಡಿಲ್ದೆ ಬರೀ ಟ್ರ್ಯಾಕು. ಈ ಟ್ರ್ಯಾಕನ್ನ ಕಡೆಗಣಿಸ್ಬೇಡಿ. ನಮ್ಮ ಊರಲ್ಲಿ ಸುಗಮ ಸಂಗೀತದ ಕ್ಲಾಸಿಗೆ ಹೋಗೋ ಅಮ್ಮಂದ್ರು, ಸ್ಕೂಲ್ ಡೇಗೆ ಮಕ್ಕಳನ್ನ ರೆಡಿ ಮಾಡೋ ಟೀಚರುಗಳು, ಅಪಾರ್ಟ್‌ಮೆಂಟಿನ ಕನ್ನಡ ಸಂಘದೋರು ನವೆಂಬರ್ ಬಂತು ಅಂದ್ರೆ ಟ್ರ್ಯಾಕ್ ಟ್ರ್ಯಾಕ್ ಅಂತ ಅಲೀತಾ ಇರ್ತಾರೆ. ಇದೇನೂ ಹೊಸದಲ್ಲ, ಟಾಕೀಸ್ ಹೊರಗೆ ಸಿನಿಮಾದ ಹಾಡಿನ ಪುಸ್ತಕ ಮಾರ್ತಿದ್ರು, ನಾಟಕ ಕಂಪನಿಯೋರೂ ಪದಗಳ ಪುಸ್ತಕ ಮಾರ್ತಿದ್ರು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯೋರು ರಾಗ ಹಾಕಿ 'ನಿತ್ಯೋತ್ಸವ' ಕ್ಯಾಸೆಟ್ ಬಂತಲ್ಲ, ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತಾರೆ ಅದನ್ನ, ಅಲ್ಲಿಂದ ಹಿಡಿದು ನಮ್ಮಲ್ಲಿ ಕವಿತೆ ಪುಸ್ತಕ ಕೊಳ್ಳೋನೂ ಹಾಡಿನ ಕ್ಯಾಸೆಟ್ ಕೊಳ್ಳೋನೂ ಒಬ್ನೇ ಆಸಾಮಿ. ಅವನು ಈಗ್ಲೂ ಇದಾನೆ. ಕ್ಯಾಸೆಟ್ ಹೋಯ್ತು ಅಂತ ಅವನೂ ಹೋದ ಅಂದ್ಕೊಂಡ್ವಿ ನಾವು.

ಲೆಕ್ಕ ಹಾಕೋಣ. 48 ಪುಟ, 500 ಪ್ರತಿ, ಒಂದಕ್ಕೆ ಪ್ರಿಂಟಿಂಗು 80 ರೂಪಾಯಿ ಅಂತಿಟ್ಕೊಳ್ಳಿ, ಒಟ್ಟು 40,000. ಬೆಲೆ 300. ಎಲ್ಲಾ ನೀವೇ ಕೈಯಿಂದ ಕೈಗೆ ಮಾರಿದ್ರೆ ಒಂದೂವರೆ ಲಕ್ಷ, ಖರ್ಚು ಕಳೆದ್ರೆ 1 ಲಕ್ಷದ 10 ಸಾವಿರ. ಇಲ್ಲಿನ ಸ್ಟ್ರೀಮಿಗೆ 10 ಪೈಸೆ ಸಿಗತ್ತೆ ಅಂತ ಧಾರಾಳವಾಗಿ ಅಂದ್ಕೊಂಡ್ರೂ ಇಷ್ಟು ದುಡ್ಡಿಗೆ 11 ಲಕ್ಷ ಸ್ಟ್ರೀಮ್ ಬೇಕು. 11 ಲಕ್ಷ ಸ್ಟ್ರೀಮ್ ತರೋದು ನನ್ನ ಕೈಲಿಲ್ಲ, ನಿಮ್ಮ ಕೈಲೂ ಇಲ್ಲ. 500 ಜನರನ್ನ ಹುಡುಕೋದು ಕೈಲಿದೆ. ಆಲ್ಬಮ್ಮಿನ ಪೂರ್ತಿ ಖರ್ಚು ಇದ್ರಲ್ಲಿ ಬರಲ್ಲ ಅಂತ ನಂಗೂ ಗೊತ್ತು, ಸ್ಟುಡಿಯೋ ಬಿಲ್ ಮಾಡೋನೇ ನಾನು. ಮೂರು ಲಕ್ಷದ ಆಲ್ಬಮ್ಮಿಗೆ ಮೂರನೇ ಒಂದು ಭಾಗದ ಮೇಲೆ ಬಂತು, ಉಳಿದಿದ್ದು ಕಾರ್ಯಕ್ರಮದಿಂದ ಬರ್ಬೇಕು. ಅಂಗಡಿಗೆ ಇಟ್ರೆ ಕಮಿಷನ್ ಹೋಗತ್ತೆ, ಅದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ. ಸರ್ಕಾರದೋರು ಲೈಬ್ರರಿಗಳಿಗೆ ಮಾಡೋ ಸಗಟು ಖರೀದಿ ಆಗತ್ತೆ ಅಂತ ನಂಬ್ಕೊಂಡು ಸಾವಿರ ಪ್ರತಿ ಹಾಕಿಸ್ಬೇಡಿ, ಮಂಚದ ಕೆಳಗೆ ಜಾಗ ಸಾಲಲ್ಲ.

ಮುಂಚೇನೇ ದುಡ್ಡು ಎತ್ತೋದಕ್ಕೂ ಪುಸ್ತಕದೋರ ಹತ್ರ ದಾರಿ ಇದೆ. ಪ್ರಕಟಣಪೂರ್ವ ಬೆಲೆ. ಕನ್ನಡದಲ್ಲಿ ದೊಡ್ಡ ದೊಡ್ಡ ಪುಸ್ತಕಗಳೆಲ್ಲ ಹಂಗೇ ಬಂದಿರೋದು, ಮುಂಗಡ ಕಟ್ಟಿದೋರಿಗೆ ಕಮ್ಮಿ ಬೆಲೆ, ಪುಸ್ತಕ ಬಂದ್ಮೇಲೆ ಪೋಸ್ಟಲ್ಲಿ ಮನೆಗೆ. ಸಿನಿಮಾದಲ್ಲೂ ನಮ್ಮೂರೋರೇ ಮಾಡಿ ತೋರಿಸಿದಾರೆ, ಪವನ್ ಕುಮಾರ್ ಅವ್ರ 'ಲೂಸಿಯಾ' 2013ರಲ್ಲಿ ಬಂತಲ್ಲ, ಸುಮಾರು 110 ಜನ ಸೇರಿ 51 ಲಕ್ಷ ಹಾಕಿದ್ದು. ಹಾಡಿಗೆ ಅಷ್ಟೆಲ್ಲ ಬೇಡ. 200 ಜನ 250 ರೂಪಾಯಿ ಮುಂಗಡ ಕೊಟ್ರೆ 50,000, ಪ್ರಿಂಟಿಂಗ್ ಆಯ್ತು. ಒಂದು ಯುಪಿಐ ನಂಬರು, ಒಂದು ಗೂಗಲ್ ಫಾರಂ, ಅಡ್ರೆಸ್ ಪಿನ್‌ಕೋಡ್ ಸಮೇತ. ಈ ಲಿಸ್ಟ್ ಇದ್ಯಲ್ಲ, 200 ಜನರ ಹೆಸ್ರು ಮತ್ತೆ ಫೋನ್ ನಂಬರು, ಅದು ಯಾವ ಆ್ಯಪೂ ನಿಮಗೆ ಕೊಡಲ್ಲ. ಆ್ಯಪಲ್ಲಿ ನಿಮಗೆ 20,000 ಫಾಲೋವರ್ಸ್ ಇದ್ರೂ ಅವ್ರಲ್ಲಿ ಒಬ್ರಿಗೂ ನೀವಾಗೇ ಫೋನ್ ಮಾಡಿ ಮುಂದಿನ ವಾರ ಕಾರ್ಯಕ್ರಮ ಇದೆ ಬನ್ನಿ ಅನ್ನೋಕಾಗಲ್ಲ.

ಒಂದೆರಡು ಕಾಗದ ಪತ್ರದ ವಿಷ್ಯ. ಐಎಸ್‌ಬಿಎನ್ ನಂಬರು, ಅಂದ್ರೆ ಪುಸ್ತಕದ ಗುರುತಿನ ನಂಬರು, ನಮ್ಮ ದೇಶದಲ್ಲಿ ಫ್ರೀ, ಆನ್‌ಲೈನಲ್ಲೇ ಅರ್ಜಿ. ಪ್ರಿಂಟಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಆದ್ರೆ ನಿಮ್ಮದ್ರಲ್ಲಿ ಡೌನ್‌ಲೋಡೂ ಇರೋದ್ರಿಂದ ಆಡಿಟರನ್ನ ಒಂದು ಮಾತು ಕೇಳ್ಕೊಳ್ಳಿ. ಮುಖ್ಯವಾದ್ದು ಕವಿಗಳ ಅನುಮತಿ. ಇದ್ರಲ್ಲಿ ನಮ್ಮೋರು ತುಂಬಾ ಸಲೀಸು, "ಬೇಂದ್ರೆ ಅಜ್ಜಂದು, ಎಲ್ರಿಗೂ ಸೇರಿದ್ದು" ಅಂತಾರೆ. ಪ್ರೀತಿಗೆ ಸರಿ, ಕಾನೂನಲ್ಲಿ ಹಂಗಿಲ್ಲ. ಬರೆದೋರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಕಾಪಿರೈಟ್ ಇರತ್ತೆ. ಬೇಂದ್ರೆ ಹೋಗಿದ್ದು 1981, ಅಂದ್ರೆ 2041ರ ಕೊನೇವರೆಗೆ. ಕುವೆಂಪು 1994, ಅಂದ್ರೆ 2054. ಕೆ.ಎಸ್. ನರಸಿಂಹಸ್ವಾಮಿ 2003, ಅಂದ್ರೆ 2063. ಡಿವಿಜಿ 1975, ಕಗ್ಗ ಹಾಡೋರು 2035ರ ತನಕ ಕೇಳ್ಕೊಂಡೇ ಹಾಡ್ಬೇಕು. ಬಿಎಂಶ್ರೀ 1946ರಲ್ಲೇ ಹೋದ್ರು, ಅವ್ರದ್ದು ಮುಕ್ತ. ಶಿಶುನಾಳ ಷರೀಫರು, ದಾಸರು, ವಚನಕಾರರು ಯಾರನ್ನೂ ಕೇಳೋ ಹಂಗಿಲ್ಲ, ಹಾಡ್ಕೊಳ್ಳಿ. ಆದ್ರೆ ಷರೀಫರ ಪದಕ್ಕೆ ಇನ್ಯಾರೋ ಹಾಕಿದ ರಾಗಾನೇ ಹಾಡಿದ್ರೆ ಆ ರಾಗದ ಹಕ್ಕು ಬೇರೆ. ಮುಕ್ತವಾಗಿರೋ ಪದ ಹಾಡಿ ಯೂಟ್ಯೂಬಿಗೆ ಹಾಕಿದ್ರೂ ಯಾವುದೋ ಕಂಪನಿ "ಇದು ನಮ್ದು" ಅಂತ ಕ್ಲೇಮ್ ಕಳ್ಸೋದು ನನ್ನ ಸ್ಟುಡಿಯೋದಿಂದ ಹೋದ ಹಾಡುಗಳಿಗೇ ಆಗಿದೆ, ಡಿಸ್ಪ್ಯೂಟ್ ಹಾಕಿ ಬಿಡಿಸ್ಕೊಬೇಕು. ಪುಸ್ತಕಕ್ಕೆ ಆ ಕಾಟ ಇಲ್ಲ.

ಇನ್ನೊಂದು, ರಾಗ ಹಾಕೋರು ಮತ್ತೆ ಹಾಡು ಬರೆಯೋರು ಐಪಿಆರ್‌ಎಸ್ ಮೆಂಬರ್ ಆಗಿ. ಹಾಡು ಬರೆದೋರ, ರಾಗ ಹಾಕಿದೋರ ರಾಯಲ್ಟಿ ವಸೂಲಿ ಮಾಡಿ ಹಂಚೋ, 1969ರಿಂದ ಇರೋ ಸಂಸ್ಥೆ. 2012ರಲ್ಲಿ ಕಾಪಿರೈಟ್ ಕಾನೂನು ತಿದ್ದಿದ ಮೇಲೆ ರಾಯಲ್ಟಿ ತಗೊಳ್ಳೋ ನಿಮ್ಮ ಹಕ್ಕನ್ನ ನೀವೇ ಬರ್ದು ಕೊಡ್ತೀನಿ ಅಂದ್ರೂ ಕಂಪನಿಗೆ ಬರ್ದು ಕೊಡೋಕಾಗಲ್ಲ, ವಾರಸುದಾರರಿಗೆ ಇಲ್ಲಾ ಇಂಥ ಸಂಸ್ಥೆಗೆ ಮಾತ್ರ. ಆ್ಯಪಿಂದ ಬರೋ ದುಡ್ಡಲ್ಲೂ ರೆಕಾರ್ಡಿಂಗಿಂದು ಬೇರೆ, ಬರೆದೋರು ರಾಗ ಹಾಕಿದೋರದ್ದು ಬೇರೆ. ಎರಡನೇದು ನಿಮ್ಮ ಡಿಸ್ಟ್ರಿಬ್ಯೂಟರ್ ಮೂಲಕ ಬರಲ್ಲ, ಮೆಂಬರ್ ಆಗಿಲ್ಲ ಅಂದ್ರೆ ಅದು ನಿಮ್ಮನ್ನ ಹುಡ್ಕೊಂಡೂ ಬರಲ್ಲ.

(ಹಿಂದಿನ ಸಾಲಿಂದ ಒಬ್ಬ ಹುಡುಗ: "ಅಣ್ಣ, ನಾವು ರ್‍ಯಾಪ್ ಮಾಡೋರು. ನಮ್ಮ ಆಡಿಯನ್ಸ್ ಎಲ್ಲಾ ಕಾಲೇಜು ಹುಡುಗ್ರು. ಅವ್ರು ಪುಸ್ತಕ ತಗೊತಾರಾ?")

ತಗೊಳ್ಳಲ್ಲ ಗುರು. ನಿಮಗೆ ಇದು ಸೂಟ್ ಆಗಲ್ಲ, ಸುಮ್ನೆ ಆಗತ್ತೆ ಅಂತ ಯಾಕೆ ಹೇಳ್ಲಿ. ನಿಮ್ಮೋರು ಟೀ-ಶರ್ಟ್ ತಗೊತಾರೆ, ಟಿಕೆಟ್ ತಗೊತಾರೆ. ಉತ್ತರ ಕರ್ನಾಟಕದ ಯೂಟ್ಯೂಬ್ ಜಾನಪದದೋರನ್ನ ನೋಡಿ, ಅವ್ರಿಗೆ ವ್ಯೂಸ್ ಪೋಸ್ಟರು, ಜಾತ್ರೆ ಸೀಸನಲ್ಲಿ ಸ್ಟೇಜಿಗೆ ಹತ್ತೋದು ದುಡ್ಡು. ಅವ್ರಿಂದ ಕಲಿಯೋದಿದೆ ನಿಮಗೆ.

(ಒಬ್ರು ಮೇಡಂ: "ವರ್ಷಕ್ಕೊಂದು ಆಲ್ಬಮ್ ಮಾಡೋಕಾಗಲ್ಲ. ಚಂದಾ ಥರ ಏನಾದ್ರೂ ಮಾಡಬಹುದಾ?")

ಮಾಡಬಹುದು ಮೇಡಂ. ಚಾಮರಾಜಪೇಟೆ ರಾಮಸೇವಾ ಮಂಡಳಿಯೋರು 1939ರಿಂದ ರಾಮನವಮಿ ಕಛೇರಿ ನಡೆಸ್ತಿದಾರೆ, ಸೀಸನ್ ಟಿಕೆಟ್ ತಗೊಂಡು ಕೂರೋರು ಒಳಗೆ, ಪುಕ್ಕಟೆ ಕೇಳೋರು ಹೊರಗೆ ಫುಟ್‌ಪಾತಲ್ಲಿ. ಒಳಗಿರೋರು ಕೊಡ್ತಾರೆ ಅಂತ ಹೊರಗಿರೋರಿಗೂ ಕೇಳ್ಸತ್ತೆ, ಯಾರೂ ಜಗಳ ಆಡಲ್ಲ. ನೀವೂ ನೂರು ಮನೆ ಹಿಡೀರಿ, ವರ್ಷಕ್ಕೆ ಸಾವಿರ ರೂಪಾಯಿ, ಮೂರು ಮನೆ ಕಛೇರಿಗೆ ಎಂಟ್ರಿ, ವರ್ಷದ ಕೊನೇಲಿ ಆ ಕಛೇರಿಗಳ ರೆಕಾರ್ಡಿಂಗ್ ಇರೋ ಒಂದು ಪುಸ್ತಕ. ಒಟ್ಟಿಗೆ ಒಂದೇ ಸಲ ಯುಪಿಐಲಿ ತಗೊಳ್ಳಿ, ತಿಂಗಳು ತಿಂಗಳು ಕಾರ್ಡಿಂದ ಕಟ್ ಮಾಡೋ ರಗಳೆ ಬೇಡ.

(ಮೊದಲು ಕೇಳಿದ ಹಿರಿಯರೇ: "ಪುಸ್ತಕ ಮಾರಿ ಮುಗಿಯೋ ತನಕ ಆ್ಯಪಿಗೆ ಹಾಕ್ಬಾರ್ದಾ? ಆಮೇಲೆ ಯಾರೋ ಒಬ್ಬ ಪುಸ್ತಕ ಕೊಂಡು ಟೆಲಿಗ್ರಾಮಿಗೆ ಹಾಕ್ಬಿಟ್ರೆ?")

ಒಂದು ಹಾಡನ್ನ ಮೊದ್ಲೇ ಹಾಕಿ, ಪೋಸ್ಟರ್ ಬೇಕಲ್ಲ. ಬಿಡುಗಡೆ ಆದ ಮೂರು ತಿಂಗಳಾದ್ಮೇಲೆ ಉಳಿದಿದ್ದೆಲ್ಲ ಹಾಕಿ. ಅಷ್ಟೊತ್ತಿಗೆ ಕೊಳ್ಳೋರು ಕೊಂಡಿರ್ತಾರೆ. ಟೆಲಿಗ್ರಾಮಿಗೆ ಹಾಕ್ತಾರೆ ಸಾರ್, ಹಾಕೇ ಹಾಕ್ತಾರೆ. ಅಲ್ಲಿ ಇಳಿಸ್ಕೊಳ್ಳೋನು ಹೆಂಗೂ 300 ರೂಪಾಯಿ ಕೊಡೋ ಗಿರಾಕಿ ಆಗಿರ್ಲಿಲ್ಲ. ಸ್ವರಪ್ರಸ್ತಾರ, ಟ್ರ್ಯಾಕು, ನಿಮ್ಮ ಸೈನು ಇರೋ ಪುಸ್ತಕ ಬೇಕು ಅನ್ನೋನು ನಿಮ್ಮ ಹತ್ರಾನೇ ಬರ್ತಾನೆ. ನಾನು ಹೆದರೋದು ಬೇರೆ ವಿಷ್ಯಕ್ಕೆ. ಫ್ರೀ ಸೈಟಲ್ಲಿ ಕ್ಯೂಆರ್ ಮಾಡ್ಕೊಂಡು ಪ್ರಿಂಟಿಗೆ ಕೊಟ್ಬಿಡ್ತಾರೆ, ಕೆಲವು ದಿನ ಆದ್ಮೇಲೆ ಆ ಸೈಟು ದುಡ್ಡು ಕಟ್ಟು ಅನ್ನತ್ತೆ, ಇಲ್ಲಾ ಗೂಗಲ್ ಡ್ರೈವಲ್ಲಿ ಫೋಲ್ಡರ್ ಜಾಗ ಬದಲಾಯಿಸ್ತೀರಾ, 500 ಪುಸ್ತಕದ ಕೊನೇ ಪುಟ ಒಂದೇ ಸಲ ಸತ್ತೋಗತ್ತೆ. ನಿಮ್ಮ ಹೆಸ್ರಲ್ಲೇ ಒಂದು ಡೊಮೈನ್ ತಗೊಳ್ಳಿ, ಕ್ಯೂಆರ್ ಅದಕ್ಕೇ ಹೋಗ್ಲಿ, ಅಲ್ಲಿಂದ ಮುಂದೆ ಫೈಲ್ ಎಲ್ಲಿದ್ರೂ ನೀವು ತಿರುಗಿಸ್ಕೊಬಹುದು. ಕ್ಯೂಆರ್ ಕೆಳಗೆ ಆ ವಿಳಾಸಾನ ಅಕ್ಷರದಲ್ಲೂ ಹಾಕ್ಸಿ, ಸ್ಕ್ಯಾನ್ ಮಾಡೋಕೆ ಬರ್ದೇ ಇರೋ ಹಿರಿಯರು ಮೊಮ್ಮಕ್ಕಳ ಕೈಲಿ ಟೈಪ್ ಮಾಡಿಸ್ಕೊತಾರೆ. ಪ್ರೆಸ್ಸಿಗೆ ಫೈನಲ್ ಹೇಳೋಕ್ ಮುಂಚೆ ಮೂರ್ನಾಲ್ಕು ಬೇರೆ ಬೇರೆ ಫೋನಲ್ಲಿ ಸ್ಕ್ಯಾನ್ ಮಾಡಿ ನೋಡಿ, ಕಂಪ್ಯೂಟರ್ ಸ್ಕ್ರೀನಲ್ಲಿ ಅಲ್ಲ, ಪ್ರೆಸ್ಸಿನೋರು ಕೊಟ್ಟ ಪ್ರೂಫ್ ಹಾಳೇಲಿ.